ಉಪ್ಪಿನ ಹರಳಿಗಿಂತ ಕಡಿಮೆ

ಮಗ್ಗದ ಹಾಸಿನ ಎಳೆಯೊಂದು ಕಡಿದಿತ್ತು. ಮಗ್ಗ ನಿಲ್ಲಿಸಿ ಗಂಟು ಹಾಕಲು ಹೋದೆ. ಎಳೆ ಕಣ್ಣಿಗೆ ಕಾಣುತ್ತಿತ್ತು, ಮರಗಟ್ಟಿದ ಬೆರಳಿಗೆ ಸಿಗುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಹದಿನೆಂಟು ವರ್ಷದಿಂದ ಪವರ್‌ಲೂಮ್ ಓಡಿಸುತ್ತಿರುವವಳು ನಾನು. ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದ ಗಂಟು ಅಂದು ನಾಲ್ಕು ಸಲ ತಪ್ಪಿತು.

ಅಂಗಾಲು ಜೋಮು ಹಿಡಿದು ಆಗಲೇ ಕೆಲವು ತಿಂಗಳಾಗಿತ್ತು. ನಿಂತು ನಿಂತು ಹಾಗಾಗಿದೆ ಎಂದುಕೊಂಡಿದ್ದೆ. ನಾಲಿಗೆ ಉರಿಯುತ್ತಿತ್ತು. ಸಾರಿಗೆ ಖಾರ ಹೆಚ್ಚಾಗಿದೆ ಎಂದುಕೊಂಡೆ. ಒಂದು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದೆ.

ಬಿದ್ದೆ.

ನಮ್ಮ ಯಜಮಾನರು ಓಡಿ ಬಂದು ಎತ್ತಿದರು. ಅಂದೇ ಆಸ್ಪತ್ರೆಗೆ ಹೋದೆವು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟ್ಯೂನಿಂಗ್ ಫೋರ್ಕ್ ಎಂಬ, ತಟ್ಟಿದರೆ ಅದುರುವ ಕವಲುಕಡ್ಡಿಯೊಂದನ್ನು ನನ್ನ ಕಾಲಿನ ಹೆಬ್ಬೆರಳಿಗೆ ಒತ್ತಿ, "ಗುಂಯ್ ಅನ್ನೋದು ಗೊತ್ತಾಗ್ತಿದ್ಯಾ ಅಮ್ಮ?" ಎಂದರು. ಏನೂ ಗೊತ್ತಾಗಲಿಲ್ಲ. ಅದನ್ನೇ ಹಣೆಗೆ ಇಟ್ಟಾಗ ತಲೆಯೆಲ್ಲ ಗುಂಯ್‌ಗುಟ್ಟಿತು. ಆಗ ಹೆದರಿದೆ.

ಮಾರನೇ ದಿನ ಬ್ಲಡ್ ರಿಪೋರ್ಟ್ ಬಂತು. ವಿಟಮಿನ್ ಬಿ-12 ತೀರಾ ಕಡಿಮೆ.

"ಏನೇನ್ ತಿಂತೀರಾ?" ಎಂದು ಡಾಕ್ಟರು ಕೇಳಿದರು.

"ಮುದ್ದೆ, ಸೊಪ್ಪು, ಕಾಳು, ಅನ್ನ. ಹೊಟ್ಟೆ ತುಂಬ ತಿಂತೀನಿ ಮೇಡಂ."

"ಹಾಲು, ಮೊಸರು?"

"ಚಿಕ್ಕವಳಿದ್ದಾಗಿಂದ ಆ ವಾಸ್ನೆ ಆಗ್ಬರಲ್ಲ. ಟೀನೂ ಹಾಲಿಲ್ದೆ ಕುಡಿಯೋದು."

"ಮೊಟ್ಟೆ, ಮಾಂಸ?"

ಯಜಮಾನರ ಕಡೆ ನೋಡಿದೆ. ಏಳು ವರ್ಷದ ಹಿಂದೆ ಯಜಮಾನರು ಕಾಮಾಲೆ ಹೆಚ್ಚಾಗಿ ಐಸಿಯುನಲ್ಲಿದ್ದರು. ಅವರು ಉಳಿದರೆ ಮೊಟ್ಟೆ, ಮಾಂಸ ಮುಟ್ಟುವುದಿಲ್ಲ ಎಂದು ಮನೆದೇವರಿಗೆ ಹರಕೆ ಹೊತ್ತಿದ್ದೆ. ಬಾಯಿಗೆ ರುಚಿಸುವುದಿಲ್ಲ ಎಂದಷ್ಟೇ ಅವರಿಗೆ ಹೇಳಿದ್ದೆ. ಈಗ ಅವರ ಎದುರಿಗೇ ನಿಜ ಹೇಳಬೇಕಾಯಿತು.

ಅವರ ದನಿ ಸಣ್ಣಗಾಯಿತು. "ನಾನ್ ಎದ್ದು ಓಡಾಡ್ಲಿ ಅಂತ ನೀನು ಬಿದ್ದೋದ್ಯಾ, ಮಂಜುಳಾ?"

"ಹರಕೆ ಮುರೀಬೇಕಿಲ್ಲ ಬಿಡಿ. ಇಂಜೆಕ್ಷನ್ ಕೊಡ್ತೀನಿ, ಆಮೇಲೆ ಮಾತ್ರೆ. ಆದ್ರೆ ಹಾಲು, ಮೊಸರು ನಿಧಾನಕ್ಕೆ ರೂಢಿ ಮಾಡ್ಕೊಳ್ಳಿ," ಎಂದರು ಡಾಕ್ಟರು. ನರ ಚೇತರಿಸಿಕೊಳ್ಳಲು ಸಮಯ ಬೇಕು, ಪೂರ್ತಿ ಸರಿಹೋಗುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದರು.

ಅವರು ವಿವರಿಸಿದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಸೊಪ್ಪು, ಕಾಳು, ರಾಗಿ ಎಲ್ಲವೂ ಒಳ್ಳೆಯ ಊಟವೇ, ಆದರೆ ಬಿ-12 ಅವುಗಳಲ್ಲಿ ಇಲ್ಲ. ಅದಿಲ್ಲದಿದ್ದರೆ ರಕ್ತ ಸರಿಯಾಗಿ ಆಗುವುದಿಲ್ಲ, ನರಗಳ ಮೇಲಿನ ಹೊದಿಕೆ ಸವೆದು, ಕಣ್ಣು ಮುಚ್ಚಿದರೆ ಪಾದ ಎಲ್ಲಿದೆ ಎಂಬುದೇ ತಿಳಿಯದಾಗುತ್ತದೆ. ದಿನಕ್ಕೆ ಬೇಕಾದದ್ದು ಉಪ್ಪಿನ ಒಂದು ಹರಳಿಗಿಂತಲೂ ಎಷ್ಟೋ ಕಡಿಮೆ. ಅಷ್ಟನ್ನೂ ನಾನು ಮೈಗೆ ಕೊಡದೆ ಇದ್ದ ವರ್ಷಗಳಲ್ಲಿ ನನ್ನ ಲಿವರ್, ಹಿಂದೆ ಕೂಡಿಟ್ಟಿದ್ದನ್ನು ಚೂರುಚೂರೇ ತೆಗೆದುಕೊಟ್ಟು ನನ್ನನ್ನು ಮಗ್ಗದ ಮುಂದೆ ನಿಲ್ಲಿಸಿತ್ತು. ನನಗೆ ಒಂದು ಮಾತೂ ತಿಳಿಸದೆ. ಇಂಥದ್ದೊಂದು ಮೈಯೊಳಗೆ ಇಷ್ಟು ವರ್ಷ ವಾಸವಿದ್ದೂ ಅದರ ಪರಿಚಯವೇ ನನಗಿರಲಿಲ್ಲವಲ್ಲ!

ಇಂಜೆಕ್ಷನ್ ದಾಳಿಂಬೆ ರಸದಷ್ಟು ಕೆಂಪಗಿತ್ತು. ಮೊದಲು ನಾಲಿಗೆಯ ಉರಿ ಹೋಯಿತು. ಆಮೇಲೆ ಗೋಡೆ ಹಿಡಿಯದೆ ನಡೆದೆ. ಎಡಗಾಲಿನ ಎರಡು ಬೆರಳು ಈಗಲೂ ಮಂಕಾಗಿಯೇ ಇವೆ. ಅವು ಹಾಗೇ ಉಳಿಯಬಹುದು. ಇರಲಿ.

ಹಾಲಿನ ಜವಾಬ್ದಾರಿ ಯಜಮಾನರು ವಹಿಸಿಕೊಂಡರು. ಮೊದಲು ಒಗ್ಗರಣೆ ಹಾಕಿದ ಮಜ್ಜಿಗೆ, ಆಮೇಲೆ ಶುಂಠಿ, ಬೆಲ್ಲ ಹಾಕಿದ ಹಾಲು. ವಾಸನೆಗೆ ಮುಖ ಕಿವುಚಿದರೂ ಕುಡಿಯುತ್ತಿದ್ದೆ. ಮೂರನೇ ತಿಂಗಳ ಒಂದು ಬೆಳಿಗ್ಗೆ, ಆಗತಾನೇ ಕಾಯಿಸಿದ ಹಾಲನ್ನು ಸ್ಟೀಲ್ ಲೋಟದಲ್ಲಿ ತಂದುಕೊಟ್ಟರು. ಎರಡೂ ಕೈಯಲ್ಲಿ ಹಿಡಿದೆ. ಬೆರಳು ಚುರ್ ಎಂದಿತು.

"ರೀ, ಸುಡ್ತದೆ!"

"ಅಯ್ಯೋ, ಕೆಳಗಿಡು ಮಾರಾಯ್ತಿ!"

ಇಡಲಿಲ್ಲ. ಹತ್ತೂ ಬೆರಳಿಗೆ ಬಿಸಿ ತಾಗುತ್ತಿತ್ತು.