ಸಾಲದ ಕಾಗದದಲ್ಲಿ ಮಾತ್ರ ಇದ್ದ ತಂಗಿ

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಕಾಲು ತೆಗೆಯದೆ ಕೂರುತ್ತಿದ್ದಳು ಎಂದು ಕಲಿಯಲು ಬಂದವರೆಲ್ಲ ಅವಳಿಗೆ ಬ್ರೇಕಕ್ಕ ಎಂದೇ ಹೆಸರಿಟ್ಟಿದ್ದರು. ಸ್ಟೀರಿಂಗ್ ಹಿಡಿದು ನಡುಗುವವರ ಮೇಲೆ ಅವಳು ಎಂದೂ ರೇಗಿದವಳಲ್ಲ. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಎಷ್ಟು ಸಲ ಕೇಳಿದರೂ ಹೇಳುತ್ತಿದ್ದಳು. ಗೊತ್ತಿಲ್ಲದವರು ಕೇಳದೆ ಮತ್ಯಾರು ಕೇಳಬೇಕು ಎನ್ನುವುದು ಅವಳ ವಾದ.

ಅಂಥವಳು ಅಣ್ಣನ ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಸಹಿ ಮಾಡಿದ್ದಳು.

ಅಣ್ಣ ಟೈಲ್ಸ್ ಅಂಗಡಿಯಲ್ಲಿ ಮೇಲ್ವಿಚಾರಕ. ಹೊಸ ಮನೆ ಕಟ್ಟುವವರು, ಕಟ್ಟಿಸುವವರು, ಕೊಂಡು ಮಾರುವವರು ದಿನವೂ ಅವನ ಅಂಗಡಿಗೆ ಬರುತ್ತಿದ್ದರು. ಅವರ ಮಾತು ಕೇಳಿ ಕೇಳಿ ಅವನಿಗೂ ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಡುವ ಆಸೆ ಹುಟ್ಟಿತು. ಬಾಡಿಗೆಯಿಂದಲೇ ಕಂತು ತೀರುತ್ತದೆ, ಬೆಲೆ ತಾನಾಗಿ ಏರುತ್ತದೆ, ನಾವು ಕೂತು ನೋಡುವುದಷ್ಟೇ ಕೆಲಸ ಎಂದು ಎಲ್ಲರ ಮೂಗಿಗೂ ತುಪ್ಪ ಸವರಿದ. ಆದರೆ ಅವನೊಬ್ಬನ ಸಂಬಳಕ್ಕೆ ಅಷ್ಟು ಸಾಲ ಹುಟ್ಟಲಿಲ್ಲ. ಜೊತೆಗೆ ಇನ್ನೊಬ್ಬರ ಆದಾಯ ತೋರಿಸಿ ಎಂದರು ಬ್ಯಾಂಕಿನವರು. ಆಗ ಅತ್ತಿಗೆಗೆ ಕೆಲಸವಿರಲಿಲ್ಲ, ಮಗು ಸಣ್ಣದು. ಹಾಗಾಗಿ ತಂಗಿಯನ್ನು ಕರೆದ.

"ಸುಮ್ನೆ ಹೆಸರಿಗೆ ಕಣೆ," ಎಂದಿದ್ದ. "ಕಂತು ಕಟ್ಟೋನು ನಾನು. ನಿಂಗೇನೂ ತೊಂದ್ರೆ ಇಲ್ಲ."

ಬ್ಯಾಂಕಿನವನು ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಎಂದು ಬೆರಳಿಟ್ಟು ತೋರಿಸಿದ. ಒಡಹುಟ್ಟಿದವನ ಎದುರು ಕಾಗದ ಓದುತ್ತಾ ಕೂತರೆ ಏನಂದುಕೊಂಡಾನು ಎಂದು, ಬ್ಯಾಂಕಿನವನು ತೋರಿಸಿದ ಕಡೆಯೆಲ್ಲ ಅವಳು ಸಹಿ ಹಾಕಿ, ಮಧ್ಯಾಹ್ನದ ಪಾಠಕ್ಕೆ ತಡವಾಯಿತೆಂದು ಓಡಿದ್ದಳು.

ವರ್ಷಗಳು ಕಳೆದವು. ಅವಳು ಲಾಂಡ್ರಿಯ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದಳು. ಕೆಳಗೆ ಇಸ್ತ್ರಿ ಶುರುವಾದರೆ ಮೇಲೆ ನೆಲ ಬಿಸಿಯಾಗುತ್ತಿತ್ತು, ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದು ನಿಲ್ಲುತ್ತಿತ್ತು. ಲಾಂಡ್ರಿಯವನಿಗೆ ಆ ಕೋಣೆ ತನಗೇ ಬೇಕಾಯಿತು. ಖಾಲಿ ಮಾಡಿ ಎಂದ. ಸಾಕು ಈ ಕಂಡವರ ಮನೆಯ ಬಾಳು ಎಂದು ಅವಳು ಸ್ವಂತದ್ದು ಹುಡುಕಲು ಹೊರಟಳು. ಡ್ರೈವಿಂಗ್ ಸ್ಕೂಲಿನ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ ಸಿಕ್ಕಿತು. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತಿತ್ತು. ಮಾರುವ ಮುದುಕಿ ಒಳ್ಳೆಯವಳು, ಬ್ಯಾಂಕಿನ ಮಾತು ಮುಗಿಸಿಕೊಂಡು ಬಾ ಮಗಳೇ, ಅಲ್ಲಿವರೆಗೆ ಬೇರೆಯವರಿಗೆ ತೋರಿಸೋಲ್ಲ ಎಂದಳು.

ಬ್ಯಾಂಕಿನಲ್ಲಿ ಈ ಸಲ ಕೂತಿದ್ದವಳು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಕಂಪ್ಯೂಟರ್ ನೋಡಿ, ನಿಮ್ಮ ಆದಾಯಕ್ಕೆ ಈಗಾಗಲೇ ದೊಡ್ಡ ಸಾಲ ಇದೆಯಲ್ಲ, ಇನ್ನೊಂದು ಕೊಡಲು ಬರುವುದಿಲ್ಲ ಎಂದಳು. ಯಾವ ಸಾಲ ಎಂದು ಇವಳಿಗೆ ಆಶ್ಚರ್ಯ. ಓ, ಅದು ನಮ್ಮಣ್ಣನ ಮನೆಯದು ಎಂದು ನಕ್ಕಳು.

ಹುಡುಗಿ ನಗಲಿಲ್ಲ. "ಮನೆ ಅವರದು ಮೇಡಂ. ಸಾಲ ಇಬ್ಬರದೂ."

ಸಹಿ ಹಾಕುವಾಗ ಕೇಳಬೇಕಾಗಿದ್ದನ್ನೆಲ್ಲ ಅವಳು ಈಗ ಕೇಳಿದಳು. ಅಣ್ಣ ಕಟ್ಟದಿದ್ದರೆ? ನೀವು ಕಟ್ಟಬೇಕು. ಬಾಡಿಗೆಯವರು ಬಿಟ್ಟು ಹೋಗಿ ಮನೆ ಖಾಲಿ ಬಿದ್ದರೆ? ಕಂತು ನಿಲ್ಲುವುದಿಲ್ಲ. ಬೆಲೆ ಏರಿದರೆ ಲಾಭ ಯಾರಿಗೆ? ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಅವರಿಗೆ. ನನ್ನ ಹೆಸರು ಅದರಲ್ಲಿ ಇಲ್ಲವಾ? ಇಲ್ಲ. ಹಾಗಾದರೆ ನನಗೆ ಬರುವುದೇನು? ಹುಡುಗಿ ಕಂಪ್ಯೂಟರಿನ ಕಡೆ ತಿರುಗಿದಳು. ಆಮೇಲೆ ದನಿ ತಗ್ಗಿಸಿ, ಹೋದ ವರ್ಷ ಕೆಲವು ಕಂತು ತಡವಾಗಿವೆ, ಅದೂ ನಿಮ್ಮ ಹೆಸರಿಗೇ ಕೆಟ್ಟ ಗುರುತಾಗಿ ಕೂತಿದೆ ಎಂದು ಹೇಳಿದಳು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಜೀವಮಾನದಲ್ಲಿ ಒಬ್ಬರ ಬಳಿಯೂ ಕೈಸಾಲ ಮಾಡದವಳು ತಾನು ವಾಸಿಸದ ಮನೆಗೆ, ಬಾಡಿಗೆ ತಿನ್ನದ ಮನೆಗೆ ಸಾಲಗಾರಳಾಗಿದ್ದಳು. ಸಾಲಕ್ಕಾದರೆ ತಂಗಿ ಬೇಕು, ಮನೆಗೆ ಬೇಡ.

ಭಾನುವಾರ ಅಣ್ಣನ ಮನೆಗೆ ಹೋದಳು. ಅವನು ಭಾರೀ ಉಲ್ಲಾಸದಲ್ಲಿದ್ದ. ನಿನ್ನನ್ನೇ ನೆನೆಸುತ್ತಿದ್ದೆ ಎಂದು ಎದುರಿಗೆ ಕೂರಿಸಿಕೊಂಡು, ಇನ್ನೊಂದು ಫ್ಲ್ಯಾಟ್ ನೋಡಿದ್ದೇನೆ, ಮೊದಲಿನದರ ಬೆಲೆ ಏರಿದ್ದರಿಂದ ಅದನ್ನು ತೋರಿಸಿಯೇ ಇದಕ್ಕೂ ಸಾಲ ಎತ್ತಬಹುದು, ನಿನ್ನದೊಂದು ಸಹಿ ಬೇಕು ಎಂದ. ಅವಳು ಬ್ಯಾಂಕಿನಲ್ಲಿ ಆದದ್ದನ್ನು ಹೇಳಿದಳು. ಅವನ ಮುಖ ಸ್ವಲ್ಪವೂ ಬಾಡಲಿಲ್ಲ. ನಿನ್ನೊಬ್ಬಳಿಗೆ ಸ್ವಂತ ಮನೆ ಯಾಕೆ, ಕಂತು ತಡವಾದದ್ದು ಮನೆ ಖಾಲಿಯಿದ್ದ ತಿಂಗಳುಗಳಲ್ಲಿ, ವ್ಯವಹಾರ ಅಂದಮೇಲೆ ಏರುಪೇರು ಇದ್ದದ್ದೇ ಎಂದ.

"ಒಬ್ಬಳೇ ಇದ್ದೀನಿ ಅಂತ ನಾನೇನು ಗಾಳೀಲಿ ಮಲಗಬೇಕಾ?" ಎಂದಳು ಅವಳು. "ಒಂದೋ ಕ್ರಯಪತ್ರದಲ್ಲಿ ನನ್ನ ಹೆಸರು ಹಾಕ್ಸು, ಇಲ್ಲಾ ಸಾಲದಿಂದ ನನ್ನ ಹೆಸರು ತೆಗೆಸು."

ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಮನೆಮಗಳೇ ಹೀಗೆ ಪಾಲು ಕೇಳಿದರೆ ಹೇಗೆ, ನಾಳೆ ನಮ್ಮ ಮಗನಿಗೆ ಏನುಳಿಯುತ್ತದೆ ಎಂದು ಮುಖ ಗಂಟು ಹಾಕಿದಳು. ನಾದಿನಿಗೆ ಸಿಟ್ಟು ನೆತ್ತಿಗೇರಿದರೂ ದನಿ ಏರಿಸಲಿಲ್ಲ.

"ಅತ್ತಿಗೆ, ನಿಮ್ಮ ಹೆಸರಾದ್ರೂ ಇದೆಯಾ ಕ್ರಯಪತ್ರದಲ್ಲಿ?"

ಇದೆಯಲ್ಲ ಎಂದು ಅತ್ತಿಗೆ ಗಂಡನ ಕಡೆ ನೋಡಿದಳು. ಗಂಡ ಕಿಟಕಿಯ ಕಡೆ ನೋಡಿದ. ಅಷ್ಟೇ ಸಾಕಾಯಿತು. ಇಷ್ಟು ವರ್ಷ ನಮ್ಮ ಫ್ಲ್ಯಾಟು, ನಮ್ಮ ಫ್ಲ್ಯಾಟು ಎಂದು ಎದೆ ತಟ್ಟಿಕೊಂಡು ಹೇಳಿದವಳು, ಬಾಡಿಗೆಯವರು ಬಿಟ್ಟಾಗಲೆಲ್ಲ ಹೋಗಿ ನೆಲ ಉಜ್ಜಿ ಬಂದವಳು, ಈಗ ಕೆಲಸಕ್ಕೆ ಸೇರಿದ ಸ್ಕ್ಯಾನಿಂಗ್ ಸೆಂಟರಿನ ಸಂಬಳವನ್ನೂ ಅದರ ಕಂತಿಗೇ ಸುರಿಯುತ್ತಿದ್ದವಳು ಕುರ್ಚಿ ಎಳೆದುಕೊಂಡು ನಾದಿನಿಯ ಪಕ್ಕದಲ್ಲಿ ಕೂತಳು. ಹೆಸರು ಹಾಕಿಸುವುದು ದೊಡ್ಡ ರಗಳೆ, ಖರ್ಚಿನ ಬಾಬತ್ತು ಎಂದು ಅಣ್ಣ ಶುರುಮಾಡಿದ. ಇನ್ನೊಂದು ಫ್ಲ್ಯಾಟ್ ಕೊಳ್ಳಲು ಖರ್ಚಿಲ್ಲವಾ ಎಂದು ಹೆಂಡತಿ ಕೇಳಿದಳು. ಅಂದು ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅಣ್ಣ ಒಪ್ಪಲೇಬೇಕಾಗಿ ಬಂದು, ಸಾಲದಿಂದ ತಂಗಿಯ ಹೆಸರು ತೆಗೆಸುವ ಕೆಲಸ ಆದದ್ದೇನೋ ನಿಜ. ಆದರೆ ಬ್ಯಾಂಕಿನಲ್ಲಿ ಹೆಸರು ಸೇರಿಸಿದಷ್ಟು ಸಲೀಸಾಗಿ ತೆಗೆಯುವುದಿಲ್ಲ. ಅತ್ತಿಗೆಯ ಸಂಬಳದ ಚೀಟಿ ತನ್ನಿ, ಹೊಸ ಅರ್ಜಿ ಹಾಕಿ, ಮನೆಯ ಬೆಲೆ ಮತ್ತೆ ಕಟ್ಟಿಸಿ ಎಂದು ಅಲೆಸಿದರು. ಕ್ರಯಪತ್ರದಲ್ಲಿ ತನ್ನ ಹೆಸರೂ ಬರದೆ ಒಂದು ಸಹಿಯೂ ಹಾಕುವುದಿಲ್ಲ ಎಂದು ಅತ್ತಿಗೆ ಪಟ್ಟು ಹಿಡಿದಳು. ಎರಡನೆಯ ಫ್ಲ್ಯಾಟಿನ ಆಸೆಯನ್ನು ಅಣ್ಣ ಬಿಡಬೇಕಾಯಿತು. ಕೊನೆಗೆ ಅತ್ತಿಗೆ ಮನೆಗೂ ಸೇರಿದಳು, ಸಾಲಕ್ಕೂ ಸೇರಿದಳು, ತಂಗಿ ಹೊರಬಂದಳು. ಅಷ್ಟರಲ್ಲಿ ಬೆಳಗಿನ ಬಿಸಿಲಿನ ಮನೆ ಕೈತಪ್ಪಿತ್ತು. ಕಾದು ಕಾದು ಸಾಕಾಗಿ ಮುದುಕಿ ಅದನ್ನು ಬೇರೆಯವರಿಗೆ ಕೊಟ್ಟಿದ್ದಳು. ಆಕೆಯದೇನು ತಪ್ಪು? ಅಂದು ಮಾತ್ರ ಬ್ರೇಕಕ್ಕ ಪಾಠ ಮುಗಿದ ಮೇಲೆ ಖಾಲಿ ಕಾರಿನಲ್ಲಿ ಗಾಜು ಏರಿಸಿಕೊಂಡು ಅತ್ತಳು.

ಇನ್ನೊಂದು ಬಾಡಿಗೆ ಕೋಣೆಯಲ್ಲಿ ದಿನ ತಳ್ಳಿ, ಮುಂದಿನ ವರ್ಷ ಅವಳು ಕೊಂಡದ್ದು ಇನ್ನೂ ಚಿಕ್ಕದು, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಕೊಳ್ಳುವ ಮೊದಲು ಬ್ಯಾಂಕಿನ ಹುಡುಗಿಯನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದಳು. ಬಡ್ಡಿ ಏರಿದರೆ ಕಂತು ಏರುತ್ತದೋ, ವರ್ಷ ಏರುತ್ತದೋ? ಮೊದಲೇ ತೀರಿಸಿದರೆ ದಂಡವಿದೆಯೋ? ಮನೆಯ ಬೆಲೆ ಬಿಟ್ಟು ನೋಂದಣಿ, ತೆರಿಗೆ, ದುರಸ್ತಿ ಎಂದು ಕೈಯಿಂದ ಹೋಗುವುದೆಷ್ಟು? ಒಂದೊಂದು ಹಾಳೆಯನ್ನೂ ಓದಿ, ಓದಿದ್ದು ಅರ್ಥವಾದ ಮೇಲೆಯೇ ಸಹಿ ಹಾಕಿದಳು.

ಅಣ್ಣ ಹೊಸ ಮನೆ ನೋಡಲು ಬಂದ. ಟೈಲ್ಸನ್ನು ಬೆರಳಿಂದ ತಟ್ಟಿ, ಕಳಪೆ ಮಾಲು, ನನ್ನನ್ನು ಕೇಳಬಾರದಿತ್ತೇ ಎಂದ. ಅವಳು ಚಹಾ ಕೊಟ್ಟಳು. ಹಿಂದಿನದಕ್ಕೆ ಅವನು ತಪ್ಪಾಯಿತು ಎನ್ನಲಿಲ್ಲ, ಅವಳೂ ಕ್ಷಮಿಸಿದೆ ಎನ್ನಲಿಲ್ಲ. ನೆಂಟರ ನಡುವೆ ಅವನು ಇವತ್ತಿಗೂ, ಒಂದು ಸಹಿಗೋಸ್ಕರ ನನ್ನ ತಂಗಿ ಇಷ್ಟು ರಂಪ ಮಾಡಿದಳು ಎಂದೇ ಹೇಳುತ್ತಾನೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಮತ್ತೆ ಮೈ ಉರಿಯುತ್ತದೆ.