ಕತ್ತರಿ ಎಂಬ ಒಂದೇ ಮಾತು

ಕೇಳಿರಿ, ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು, ಕಿವಿಯ ಜೊತೆಗೆ ಮನಸ್ಸನ್ನೂ ಇತ್ತ ತಿರುಗಿಸಿ ಕೇಳಿರಿ. ನಾನು ಹೇಳಹೊರಟಿರುವುದು ದೊಡ್ಡವರ ಚರಿತ್ರೆಯಲ್ಲ. ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿದು ಬಾಳುವ ಹೆಂಗಸೊಬ್ಬಳ ಕತೆ. ಅವಳ ನಾಲಿಗೆಗೆ ಬಿದ್ದ ಬೀಗವನ್ನು ದೇವರು ಎಂಥ ಕೀಲಿಯಿಂದ ತೆಗೆದನೆಂಬ ಕತೆ.

ಬೀದಿಗೆಲ್ಲ ಅವಳು ಅಳತೆಯಕ್ಕ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, "ಈಚೆಗೆ ಊಟ ಜೋರಾಗಿದೆ ಅಂತ ಕಾಣತ್ತೆ, ಸೊಂಟಕ್ಕೆ ಎರಡು ಬೆರಳು ಜಾಸ್ತಿ ಬಿಡ್ತೀನಿ" ಎನ್ನುವವಳು. ಗಂಡ ತೀರಿಕೊಂಡ ಮೇಲೆ ತಂಗಿಯೂ ಅವಳೂ ಒಂದೇ ಮನೆಯಲ್ಲಿದ್ದು ಒಂದೇ ಅಂಗಡಿ ನಡೆಸುತ್ತಿದ್ದರು. ಮುಂಗೋಣೆಯ ಉದ್ದನೆಯ ಮೇಜಿನ ಮೇಲೆ ಬಟ್ಟೆ ಕತ್ತರಿಸುವುದು ಅಕ್ಕನ ಕೆಲಸ. ಪರದೆಯಾಚೆ ಯಂತ್ರದ ಮುಂದೆ ಕುಳಿತು ಹೊಲಿಯುವುದು ತಂಗಿಯದು. ಯಂತ್ರದ ಗಡಗಡದ ನಡುವೆ ಇಬ್ಬರೂ ಕೂಗಿಕೊಂಡೇ ಮಾತಾಡುತ್ತಿದ್ದರು. ಅರ್ಧ ಕೇಳುತ್ತಿತ್ತು, ಉಳಿದರ್ಧವನ್ನು ಊಹಿಸಿಕೊಳ್ಳುತ್ತಿದ್ದರು.

ಹಿಂದಿನ ವರ್ಷ ಎಲ್ಲಿಂದಲೋ ಬಂದ ಬೂದುಬಣ್ಣದ ಬೆಕ್ಕೊಂದು ಆ ಮೇಜಿನ ಕೆಳಗಿನ ಚೂರುಬಟ್ಟೆಯ ಬುಟ್ಟಿಯಲ್ಲಿ ಠಿಕಾಣಿ ಹೂಡಿತ್ತು. ತಂಗಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಹೊಸ ಬಟ್ಟೆಗೆಲ್ಲ ಕೂದಲು ಮೆತ್ತತ್ತೆ. ಆಚೆ ಹಾಕು ಆ ಪೀಡೇನ!" ಎಂದು ಅವಳು ಪರದೆಯ ಹಿಂದಿನಿಂದಲೇ ಗದರುತ್ತಿದ್ದಳು. ಅಕ್ಕ ನಕ್ಕು ಬಟ್ಟೆ ಕತ್ತರಿಸುವುದನ್ನು ಮುಂದುವರಿಸುತ್ತಿದ್ದಳು.

ಹೀಗಿರಲು ಒಂದು ಬೆಳಿಗ್ಗೆ, ಕೋಟಿನ ತೋಳು ಕತ್ತರಿಸುತ್ತಿದ್ದಂತೆಯೇ ಅಳತೆಯಕ್ಕ ಕುಸಿದು ಬಿದ್ದಳು. ಲಕ್ವ ಹೊಡೆದಿತ್ತು. ಆಸ್ಪತ್ರೆಯವರು ಜೀವವನ್ನು ಉಳಿಸಿಕೊಟ್ಟರು. ಆದರೆ ಮನೆಗೆ ಮರಳಿದಾಗ ಅವಳ ಬಲಗೈ ನೆನೆದ ಕಂಬಳಿಯಂತೆ ಭಾರವಾಗಿತ್ತು. ಮಾತೆಂಬುದು ಪೂರ್ತಿ ಅಳಿಸಿಹೋಗಿತ್ತು. ಉಳಿದದ್ದು ಒಂದೇ ಒಂದು ಪದ.

"ಕತ್ತರಿ."

ಕಣ್ಣು ತೆರೆದರೆ ಅದೇ, ಗಂಜಿ ಕೊಟ್ಟರೆ ಅದೇ. ತಂಗಿ ಓಡಿಹೋಗಿ ಅಂಗಡಿಯ ದೊಡ್ಡ ಕತ್ತರಿಯನ್ನು ತಂದಳು. ಅಕ್ಕ ಎಡಗೈಯಿಂದ ಅದನ್ನು ತಳ್ಳಿದಳು. "ಇದಲ್ವಾ? ತಾಳು, ತಾಳು" ಎಂದು ದಾರ ಕತ್ತರಿಸುವ ಚಿಕ್ಕದನ್ನು ತಂದಳು, ಅಂಚಿಗೆ ಹಲ್ಲು ಮೂಡಿಸುವುದನ್ನು ತಂದಳು. ಅಕ್ಕ ಎಲ್ಲವನ್ನೂ ತಳ್ಳಿ, ಕಣ್ಣು ತುಂಬಿಕೊಂಡು, ಮತ್ತೆ ಅದೇ ಮಾತನ್ನಾಡಿದಳು. ತಂಗಿ ಏನೆಂದುಕೊಂಡಾಳು? ಹುಟ್ಟಿದಂದಿನಿಂದ ಕತ್ತರಿಯ ಸದ್ದಿನಲ್ಲೇ ಬೆಳೆದವಳು. ಕೈ ಹೋದ ಸಂಕಟಕ್ಕೆ ಅಕ್ಕ ತನ್ನ ಕಸುಬನ್ನು ನೆನೆದು ಅಳುತ್ತಿದ್ದಾಳೆ ಎಂದೇ ಅವಳು ತಿಳಿದಳು. ಕಣ್ಣಿಗೆ ಬಿದ್ದರೆ ದುಃಖ ಹೆಚ್ಚುವುದೆಂದು ಮನೆಯ ಕತ್ತರಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. "ಇನ್ನು ಅದರ ಸುದ್ದಿ ಬೇಡ ಕಣೇ ಅಕ್ಕ, ಮರ್ತುಬಿಡು" ಎಂದು ತಲೆ ಸವರಿದಳು.

ಅಂದಿನಿಂದ ಅಳತೆಯಕ್ಕ ಆ ಒಂದು ಮಾತನ್ನೂ ಬಿಟ್ಟಳು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಾತು ಕಲಿಸಲು, ಕೈ ಆಡಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಮೇಡಂ ಕೈ ಎತ್ತಿಸಲು ಹೋದರೆ ಎತ್ತಲಿಲ್ಲ, ತುಟಿ ತೆರೆಸಲು ಹೋದರೆ ತೆರೆಯಲಿಲ್ಲ. ಮೇಡಂ ತಂಗಿಯನ್ನು ಪಡಸಾಲೆಗೆ ಕರೆದು ಹೇಳಿದಳು: "ನೋಡಿ, ಇರೋದು ಒಂದೇ ಪದ ಆದ್ರೂ ಅದು ದಾರದ ತುದಿ ಇದ್ದ ಹಾಗೆ. ಅದನ್ನ ಹಿಡ್ಕೊಂಡೇ ಮಿಕ್ಕಿದ್ದನ್ನ ಎಳೀಬೇಕು. ಈ ಮೊದಲ ತಿಂಗಳುಗಳು ಹೀಗೇ ಕಳೆದ್ರೆ ಕೈಯೂ ಕಷ್ಟ, ಮಾತೂ ಕಷ್ಟ."

ತಂಗಿ ಸೆರಗಿನಲ್ಲಿ ಮುಖ ಮುಚ್ಚಿ ದೇವರಿಗೆ ಮೊರೆಯಿಟ್ಟಳು. ಬಂಧುಗಳೇ, ಮೊರೆಗೆ ಉತ್ತರ ಯಾವ ವೇಷದಲ್ಲಿ ಬರುವುದೆಂದು ಬಲ್ಲವರಾರು? ಅಂದು ಅದು ಜಗಳದ ವೇಷದಲ್ಲಿ ಬಂತು.

ಅಂಗಡಿಯ ಎದುರು ಗುಂಡಿ, ದಾರ ಮಾರುವ ಮುದುಕನೊಬ್ಬನಿದ್ದಾನೆ. ಗುಂಡಿಯಜ್ಜ ಎಂದೇ ಅವನ ಹೆಸರು. ಅವನು ಬುಸುಗುಟ್ಟುತ್ತ ಹೊಸ್ತಿಲು ದಾಟಿ ಬಂದ.

"ಏನಮ್ಮಾ, ನಿಮ್ಮ ಕತ್ತರೀನ ಮನೆಗೆ ಕರ್ಕೊಳ್ತೀರೋ ಇಲ್ವೋ? ನನ್ನ ಗುಂಡಿ ಡಬ್ಬಿ ಎಲ್ಲ ಚೆಲ್ಲಾಪಿಲ್ಲಿ ಮಾಡಿದೆ!"

"ತಲೆ ನೆಟ್ಟಗಿದೆಯಾ ಅಜ್ಜ? ಕತ್ತರಿ ಎಲ್ಲ ನನ್ನ ಪೆಟ್ಟಿಗೇಲಿದೆ. ನಿಮ್ಮ ಅಂಗಡೀಲಿ ಇರೋದು ಯಾವ ಕತ್ತರಿ?"

"ನಾಲ್ಕು ಕಾಲಿಂದು ಕಣಮ್ಮ! ಬಾಲ ಇರೋದು! ನೀವು ಅಂಗಡಿ ಬಾಗಿಲು ಹಾಕಿದಾಗಿಂದ ನಿಮ್ಮ ಮೆಟ್ಟಿಲ ಮೇಲೆ ಕೂತು ಅಳ್ತಾ ಇರತ್ತೆ, ಚಳಿಯಾದ್ರೆ ನನ್ನ ಡಬ್ಬೀಲಿ ಬಂದು ಮಲಗತ್ತೆ."

ತಂಗಿ ಬಾಯಿ ಬಿಟ್ಟು ನಿಂತಳು. "ಆ ಬೆಕ್ಕಿನ ಹೆಸರು ಕತ್ತರೀನಾ?"

"ಮತ್ತಿನ್ನೇನು? ಹಿಂಗಾಲು ಅಡ್ಡಡ್ಡ ಹಾಕಿ ನಡೆಯತ್ತೆ ಅಂತ ಅಳತೆಯಕ್ಕನೇ ಇಟ್ಟಿದ್ದಲ್ವಾ! 'ಎಲ್ಲಿ ಹೋಯ್ತೋ ನನ್ನ ಕತ್ತರಿ' ಅಂತ ಅವಳು ಹುಡುಕ್ತಿದ್ರೆ, ಒಳಗಿಂದ ನೀನೇ ಕೂಗ್ತಿದ್ದೆ, 'ಮೇಜಿನ ಕೆಳಗೆ ನೋಡೇ, ಅಲ್ಲೇ ಬಿದ್ದಿರತ್ತೆ' ಅಂತ. ಬಗ್ಗಿ ನೋಡಿದ್ರೆ ಅಲ್ಲೇ ಬಿದ್ದಿರೋದು! ಅವಳೂ ನಾನೂ ಎಷ್ಟು ಸಲ ನಕ್ಕಿದ್ದೀವಿ."

ತಂಗಿ ನಗಲೂ ಆಗದೆ ಅಳಲೂ ಆಗದೆ ಹಣೆಗೆ ಕೈಯೊತ್ತಿ, "ಅಜ್ಜ, ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಈಗಲೇ ತನ್ನಿ" ಎಂದಳು.

ಅಜ್ಜ ಹೊತ್ತು ತಂದ ಚೀಲದೊಳಗಿನಿಂದ ಇಳಿದ ಬೆಕ್ಕು ಯಾರನ್ನೂ ಕೇಳಲಿಲ್ಲ. ಮಂಚವನ್ನೇರಿ, ರೋಗಿಯ ಮುಖವನ್ನು ಮೂಸಿ, ಯಾರೂ ಮುಟ್ಟಲು ಹೆದರುತ್ತಿದ್ದ ಆ ಬಲಗೈಯ ಮೇಲೆಯೇ ಮೈಚೆಲ್ಲಿ ಮಲಗಿ ಗುರುಗುಟ್ಟತೊಡಗಿತು. ಗೋಡೆಯತ್ತ ತಿರುಗಿದ್ದ ಮುಖ ಮೆಲ್ಲಗೆ ಇತ್ತ ಹೊರಳಿತು.

"ಕತ್ತರಿ," ಎಂದಳು ಅಳತೆಯಕ್ಕ. ಈ ಸಲ ಅದು ಬೇಡಿಕೆಯಾಗಿರಲಿಲ್ಲ, ಕಳೆದದ್ದು ಸಿಕ್ಕಿದವಳ ಮಾತಾಗಿತ್ತು.

ಬಂಧುಗಳೇ, ನಾವು ಕಾಯಿಲೆಯವರನ್ನು ನೋಡಲು ಹೋಗಿ ಎಷ್ಟೊಂದು ಮಾತಾಡುತ್ತೇವೆ! ಅವರಿಗೆ ಹೀಗಾಯಿತು, ಇವರಿಗೆ ಹಾಗಾಯಿತು, ನೀವು ಧೈರ್ಯ ತಂದುಕೊಳ್ಳಿ ಎಂದು ಉಪದೇಶಿಸಿ, ಗಡಿಯಾರ ನೋಡಿ ಎದ್ದುಬಿಡುತ್ತೇವೆ. ಆ ಮೂಕಪ್ರಾಣಿಯ ಬಳಿ ಉಪದೇಶವಿರಲಿಲ್ಲ. ಬೆಚ್ಚಗಿನ ಮೈಯೊಂದಿತ್ತು, ಎದ್ದುಹೋಗುವ ಆತುರವಿರಲಿಲ್ಲ. ಅಕ್ಕ ಬೇಸತ್ತು ಅತ್ತ ದಿನಗಳಲ್ಲಿ ಅದು ಎದೆಯ ಮೇಲೇರಿ, ಗಲ್ಲಕ್ಕೆ ತಲೆಯಾನಿಸಿ, ಅಳು ಮುಗಿಯುವವರೆಗೆ ಕದಲದೆ ಕೂತಿರುತ್ತಿತ್ತು. ಸಾಂತ್ವನವೆಂದರೆ ಇದಲ್ಲವೆ? ಕರುಣಾಮಯನಾದ ದೇವರು ತನ್ನ ದಯೆಗೆ ರೋಮದ ಅಂಗಿ ತೊಡಿಸಿ ಆ ಕೋಣೆಗೆ ಕಳುಹಿಸಿದನೆಂದೇ ನಾನು ನಂಬುತ್ತೇನೆ.

ಬೆಕ್ಕು ಮುಟ್ಟಿದೊಡನೆ ಕೈ ಗುಣವಾಯಿತೆಂದು ನಾನು ಹೇಳಲಾರೆ; ಸುಳ್ಳು ಹೇಳಿ ದೇವರ ಮಹಿಮೆಯನ್ನು ಹಿಗ್ಗಿಸಬೇಕಾಗಿಲ್ಲ. ಮೇಡಂ ದುಡಿದಳು, ಅಕ್ಕ ಬೆವರಿದಳು. ಆದರೆ ಈಗ ದುಡಿಯಲು ಒಂದು ಕಾರಣವಿತ್ತು. ಎಡಗೈಯಿಂದ ಸವರಿದರೆ ಬೆಕ್ಕು ಒಪ್ಪದು. ಹಣೆಯನ್ನು ಬಲ ಅಂಗೈಗೇ ತುರುಕಿ ನೂಕುತ್ತಿತ್ತು. "ಸರಿಯಾಗಿದೆ ನಿಮ್ಮ ಹೊಸ ಮಾಸ್ತರು, ನನಗಿಂತ ಹಟಮಾರಿ!" ಎಂದು ಮೇಡಂ ನಕ್ಕು, ಬಾಚಣಿಗೆಯನ್ನು ಅಕ್ಕನ ಬಲ ಮುಷ್ಟಿಗೆ ಸಿಕ್ಕಿಸಿದಳು. ಬಾಚುತ್ತ ಬಾಚುತ್ತ ಬೆರಳುಗಳು ಒಂದೊಂದಾಗಿ ಎಚ್ಚೆತ್ತವು. ಹಾಗೆಯೇ ಮಾತು. ಮೊದಲು "ಬಾ" ಬಂತು, ಆಮೇಲೆ "ಹಾಲು" ಬಂತು. ಬೆಕ್ಕು ಹಾಲಿನ ಲೋಟ ಉರುಳಿಸಿದ ದಿನ "ಕಳ್ಳಿ!" ಎಂಬ ಬೈಗಳು ಎಷ್ಟು ಸ್ಪಷ್ಟವಾಗಿ ಬಂತೆಂದರೆ, ತಂಗಿ ಅಡುಗೆಮನೆಯಿಂದ ಓಡಿಬಂದು, "ಇನ್ನೊಂದ್ಸಲ ಬೈಯೇ ಅಕ್ಕ, ನನ್ನೂ ಬೈಯೇ!" ಎಂದು ಕುಣಿದಾಡಿದಳು.

ಅಂಗಡಿಯ ಬಾಗಿಲು ಮತ್ತೆ ತೆರೆದ ದಿನವನ್ನು ನಾನು ಕಣ್ಣಾರೆ ಕಂಡೆ. ಬೀದಿಯ ಅರ್ಧ ಜನ ಮೆಟ್ಟಿಲ ಮೇಲಿದ್ದರು. ಮೇಜಿನ ಮೇಲೆ ಹೊಸ ಬಟ್ಟೆ ಹಾಸಿತ್ತು. ಅಳತೆಯಕ್ಕ ದೊಡ್ಡ ಕತ್ತರಿಯನ್ನು ಬಲಗೈಗೆ ತೆಗೆದುಕೊಂಡು ಸೀಮೆಸುಣ್ಣದ ಗೆರೆಯ ಮುಂದೆ ನಿಂತಳು. ತಂಗಿ ಮೆಲ್ಲಗೆ, "ನಾನು ಮಾಡ್ಲಾ ಅಕ್ಕ?" ಎಂದಳು.

ಅಕ್ಕ ತಲೆಯೆತ್ತಿದಳು. ಮಾತು ಮಾತಿನ ನಡುವೆ ಉಸಿರೆಳೆದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನೀನು... ಒಳಗೆ ಹೋಗಿ... ಹೊಲಿ. ಇದು... ನನ್ನ ಜಾಗ."

ಆಮೇಲೆ ಸರ್ರೆಂದು ಬಟ್ಟೆ ಸೀಳಿತು. ಗೆರೆಯ ಮೇಲೆಯೇ, ಒಂದು ಎಳೆ ಅತ್ತಿತ್ತ ಸರಿಯದೆ. ಗುಂಡಿಯಜ್ಜ ಟೋಪಿಯನ್ನು ಗಾಳಿಗೆಸೆದು, "ಗೆದ್ದೆ ಕಣವ್ವಾ, ಗೆದ್ದೆ!" ಎಂದು ಕೂಗಿದ. ತಂಗಿ ಪರದೆಯ ಹಿಂದೆ ಹೋಗಿ ಯಂತ್ರ ಓಡಿಸಿದಳು. ಅವಳ ಅಳು ನಮಗೆ ಕೇಳದಿರಲೆಂದು ಬಹಳ ಜೋರಾಗಿ ಓಡಿಸಿದಳು.

ಬಂಧುಗಳೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದವರೊಬ್ಬರು ಇರಬಹುದು. ಅವರು ಕೇಳಿದ್ದನ್ನೇ ಕೇಳುತ್ತಿರಬಹುದು. ಅರ್ಥವಾಯಿತೆಂದು ಅವಸರಪಟ್ಟು ಪೆಟ್ಟಿಗೆಗೆ ಬೀಗ ಹಾಕಬೇಡಿರಿ. ಅವರ ಒಡನಾಡಿಗಳನ್ನು ಹುಡುಕಿಕೊಂಡು ಹೋಗಿ ವಿಚಾರಿಸಿರಿ. ಅವರಿಗಾಗಿ ಹೊರಗೆ ಕಾಯುತ್ತಿರುವುದು ಒಂದು ಬೆಕ್ಕೇ ಆಗಿದ್ದರೂ ಸಂಕೋಚಪಡದೆ ಬಾಗಿಲು ತೆರೆಯಿರಿ. ಆಮೇಲೆ ನೀವೂ ಅದರಂತೆ ಮಾತಿಲ್ಲದೆ, ಅವಸರವಿಲ್ಲದೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ.