ಮಿಲಿಟರಿ ಲಾರಿಯ ತಲೆ ಮೇಲಿನ ಕರಟ

ಇವತ್ತು ಹಳೇಕೋಟೆ ದಾರಿಯಲ್ಲಿ, ಮಳೆಯಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಸೈಲೆನ್ಸರ್ ಮೇಲೆ ತೆಂಗಿನ ಕರಟ ಕವುಚಿ ಹಾಕಿದ್ದು ಕಂಡಿತು. ಅಜ್ಜಿ ನೆನಪಾದಳು.

ತೆಂಗಿನಕಾಯಿ ಸಾಗಿಸಲು ಅಪ್ಪ ಹರಾಜಿನಲ್ಲಿ ತಂದ ಹಳೇ ಮಿಲಿಟರಿ ಲಾರಿಯ ಸೈಲೆನ್ಸರ್ ಕೂಡ ಹೀಗೇ ಆಕಾಶಕ್ಕೆ ಬಾಯಿ ತೆರೆದಿತ್ತು. ಮಳೆನೀರು ಇಳಿಯದಂತೆ ಅದಕ್ಕೊಂದು ಕರಟ ಮುಚ್ಚುತ್ತಿದ್ದರು. ಆಯುಧಪೂಜೆಗೆ ಅಜ್ಜಿ, "ಅಬ್ಬದ ದಿನ ಗಾಡಿ ತಲೆ ಮ್ಯಾಲೆ ತಿರುಪೆ ಎತ್ತೋ ಕರಟ ಯಾಕ್ಲಾ" ಎಂದು ಅದನ್ನು ತೆಗೆಸಿ, ಚೆಂಡುಹೂ ಕಟ್ಟಿಸಿದಳು. ಮತ್ತೆ ಮುಚ್ಚುವುದು ಯಾರಿಗೂ ನೆನಪಾಗಲಿಲ್ಲ. ಹಬ್ಬದ ಹಿಂದೆಯೇ ಮಳೆ ಹಿಡಿಯಿತು.

ಮಳೆ ಬಿಟ್ಟ ಮೇಲೆ ಲಾರಿ ಸ್ಟಾರ್ಟ್ ಆಗಲಿಲ್ಲ. ಹೊಳೆನರಸೀಪುರದಿಂದ ಬಂದ ಮೆಕ್ಯಾನಿಕ್ ಇಂಜಿನ್ ತಿರುಗಿಸಲು ಉದ್ದನೆಯ ಸಲಾಕೆ ಹಾಕಿ ಮೈಭಾರವೆಲ್ಲ ಬಿಟ್ಟರೂ ಅದು ಒಂದು ಸುತ್ತೂ ತಿರುಗಲಿಲ್ಲ. ಡೀಸೆಲ್ ಚಿಮ್ಮುವ ನಾಜಲ್ ಬಿಚ್ಚಿ, ಒಳಗೆ ತಂತಿ ಇಳಿಬಿಟ್ಟು ತೆಗೆದ. ತುದಿಯಲ್ಲಿ ತುಕ್ಕಿನ ಕೆಂಪು ನೀರಿತ್ತು.

"ಮಳೆನೀರು ಇಳಿದು ಇಂಜಿನ್ ಹಿಡ್ಕೊಬುಟ್ಟದೆ ಸಾ. ಸೈಲೆನ್ಸರ್ ಮುಚ್ಚಿರ್ಲಿಲ್ವಾ?"

ಅಪ್ಪ ಜಗುಲಿಯ ಕಡೆ ನೋಡಲೇ ಇಲ್ಲ. "ಗಾಳಿಗೆ ಕರಟ ಬಿದ್ದೋಗಿತ್ತು ಕಣಪ್ಪ" ಎಂದರು. ಜಗುಲಿ ಮೇಲಿದ್ದ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಲಾರಿ ಮತ್ತೆ ಹೊರಡಲಿಲ್ಲ. ಅದು ಗುಜರಿಗೆ ಹೋಗುವವರೆಗೂ, ಮೋಡ ಕಂಡರೆ ಸಾಕು, ಅಜ್ಜಿ ನನ್ನನ್ನು ಬಾನೆಟ್ ಹತ್ತಿಸಿ ಕರಟ ಮುಚ್ಚಿಸುತ್ತಿದ್ದಳು.

ಇವತ್ತಿನ ಟ್ರ್ಯಾಕ್ಟರಿನ ಕರಟ ಗಾಳಿಗೆ ವಾಲಿತ್ತು. ಸ್ಕೂಟರ್ ನಿಲ್ಲಿಸಿ, ಸರಿಯಾಗಿ ಮುಚ್ಚಿ ಬಂದೆ.